ಅಟ್ಲಾಸಿನ ಸಿಂಹಿಣಿಯರು

(ಬಾನುಲಿ ಭಾಷಣ)

1984ನೆಯ ಇಸವಿಯ ಆಗಸ್ಟ್ ತಿಂಗಳು. ಲಾಸ್ ಏಂಜಲೀಸ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದವು. ನಾನಾಗ ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಲು ಹೊಸದಾಗಿ ಸೇರಿದ್ದೆ. ಬಾಡಿಗೆಯ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟವ್, ಎರಡು ಟ್ರಂಕು ಪುಸ್ತಕ, ಒಂದು ಟ್ರಾನ್ಸಿಸ್ಟರ್, ಇದಿಷ್ಟು ನನ್ನ ಆಗಿನ ಸಂಸಾರ. ಒಂಬತ್ತನೆಯ ತಾರೀಖಿನ ಬೆಳಗ್ಗೆ ಆ ಟ್ರಾನ್ಸಿಸ್ಟರು ಹೇಳಿದ ಸುದ್ದಿ ಇಂದಿಗೂ ನನ್ನ ಕಿವಿಯಲ್ಲಿದೆ. ಹೆಂಗಸರ ನಾನೂರು ಮೀಟರ್ ಹರ್ಡಲ್ಸ್ ಓಟದಲ್ಲಿ ನಮ್ಮ ಪಿ.ಟಿ. ಉಷಾ ನಾಲ್ಕನೆಯವಳಾಗಿದ್ದಳು. ಕಂಚಿನ ಪದಕ ಪಡೆದ ರುಮೇನಿಯಾದ ಓಟಗಾರ್ತಿ ತೆಗೆದುಕೊಂಡ ಕಾಲ 55.41 ಸೆಕೆಂಡು, ಉಷಾ ತೆಗೆದುಕೊಂಡದ್ದು 55.42. ನಡುವೆ ಇದ್ದದ್ದು ಒಂದು ಸೆಕೆಂಡಿನ ನೂರರಲ್ಲೊಂದು ಪಾಲು. ಆ ದಿನ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಆ ನೂರರಲ್ಲೊಂದು ಪಾಲನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ. ಗಣಿತದ ಅಧ್ಯಾಪಕರು ಅದನ್ನು ದೂರಕ್ಕೆ ಪರಿವರ್ತಿಸಿ, ಏಳು ಸೆಂಟಿಮೀಟರಿನಷ್ಟಾಗಬಹುದೆಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು. ಎದೆಯನ್ನು ಇನ್ನೊಂದಿಷ್ಟು ಮುಂದೆ ಚಾಚಿದ್ದರೆ ಸಾಕಿತ್ತು ಎಂದು ಜವಾನನೂ ಹೇಳಿದ.

ಅಂದು ಯಾರೂ ಕೇಳದ ಪ್ರಶ್ನೆ ಒಂದಿತ್ತು. ಆ ಓಟದಲ್ಲಿ ಗೆದ್ದವಳು ಯಾರು?

ನಾನೂ ಕೇಳಲಿಲ್ಲ. ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳ ನಡುವಿನ ಆ ಸಂದಿನಲ್ಲಿ ನಮ್ಮ ಮನಸ್ಸು ಸಿಕ್ಕಿಬಿದ್ದಿತ್ತು. ಮೊದಲನೆಯ ಸ್ಥಾನದಲ್ಲಿ ನಿಂತವಳ ಹೆಸರು ನನಗೆ ತಿಳಿದದ್ದು ಅನೇಕ ವರ್ಷಗಳ ಮೇಲೆ, ಅದೂ ಬೇರೇನೋ ಓದುತ್ತಿದ್ದಾಗ. ಆಕೆ ನವಾಲ್ ಎಲ್ ಮುತವಕ್ಕಿಲ್. ಉತ್ತರ ಆಫ್ರಿಕದ ಮೊರಾಕ್ಕೋ ದೇಶದ ಕಾಸಾಬ್ಲಾಂಕಾ ನಗರದವಳು. ತೆಗೆದುಕೊಂಡ ಕಾಲ 54.61 ಸೆಕೆಂಡು. ಆ ದೇಶಕ್ಕೆ ಒಲಿಂಪಿಕ್ಸಿನಲ್ಲಿ ಬಂದ ಮೊಟ್ಟಮೊದಲ ಚಿನ್ನ ಅದು. ಅರಬ್ ದೇಶಗಳ ಹೆಣ್ಣುಮಗಳೊಬ್ಬಳು ಚಿನ್ನ ಗೆದ್ದದ್ದೂ ಅದೇ ಮೊದಲು. ಅಂದು ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ನವಾಲ್ ಎಂದೇ ಹೆಸರಿಡಬೇಕೆಂದು ಅಲ್ಲಿನ ಅರಸ ಎರಡನೆಯ ಹಸನ್ ಹೇಳಿದನೆಂದು ಪತ್ರಿಕೆಗಳು ಬರೆದಿವೆ. ಅರಸರ ಮಾತು ಹಾಗಿರಲಿ, ಒಂದು ಓಟದ ಎರಡು ಕಥೆಗಳಲ್ಲಿ ನಾವು ನಮ್ಮದನ್ನು ಮಾತ್ರ ಓದಿ ಪುಸ್ತಕ ಮುಚ್ಚಿದ್ದೆವು ಎಂಬ ಅಳುಕು ನನ್ನಲ್ಲಿ ಉಳಿಯಿತು.

ಈ ಅಳುಕು ಮತ್ತೆ ಎಚ್ಚರಗೊಂಡದ್ದು 2023ನೆಯ ಇಸವಿಯ ಜುಲೈ 30ರಂದು, ಒಂದು ಭಾನುವಾರದ ಬೆಳಗ್ಗೆ. ನನ್ನ ಮಗಳ ಮಗಳು ಆಗ ಏಳನೆಯ ತರಗತಿಯಲ್ಲಿದ್ದಳು, ಶಾಲೆಯ ಫುಟ್‌ಬಾಲ್ ತಂಡಕ್ಕೆ ಹೊಸದಾಗಿ ಸೇರಿದ್ದಳು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಮಹಿಳೆಯರ ವಿಶ್ವಕಪ್ ನಡೆಯುತ್ತಿತ್ತು. ನಾನು ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ ಮುಳುಗಿದ್ದವನು, “ಅಜ್ಜ, ಬಾ, ಕೆಂಪು ಅಂಗಿಯವರು ಮೊರಾಕ್ಕೋ” ಎಂಬ ಕೂಗು ಕೇಳಿ ತಲೆಯೆತ್ತಿದೆ. ನಾನು ಹೋಗಿ ಕುಳಿತು ಇನ್ನೂ ಕನ್ನಡಕ ಒರೆಸಿಕೊಳ್ಳುತ್ತಿರುವಾಗಲೇ, ಆಟ ಆರಂಭವಾದ ಆರನೆಯ ನಿಮಿಷದಲ್ಲಿ, ಇಬ್ತಿಸ್ಸಾಮ್ ಜ್ರಾಯ್ದಿ ಎಂಬಾಕೆ ತಲೆಯಿಂದ ಚೆಂಡನ್ನು ಕೊರಿಯಾದ ಗೋಲಿನೊಳಕ್ಕೆ ಕಳಿಸಿದಳು. ಮಹಿಳೆಯರ ವಿಶ್ವಕಪ್ಪಿನಲ್ಲಿ ಅರಬ್ ದೇಶವೊಂದರ ಮೊದಲ ಗೋಲು ಅದು. ಅಂದು ಆ ಒಂದೇ ಗೋಲಿನಿಂದ ಮೊರಾಕ್ಕೋ ಗೆದ್ದಿತು.

ಆ ಬೆಳಗಿನಿಂದ ನಾನು ಈ ತಂಡದ ಬೆನ್ನು ಹತ್ತಿದ್ದೇನೆ. ಕಾಲ್ಚೆಂಡಾಟದ ಸೂಕ್ಷ್ಮಗಳು ನನಗೆ ತಿಳಿಯವು. ಆಫ್‌ಸೈಡ್ ಎಂಬ ನಿಯಮವನ್ನು ಮೊಮ್ಮಗಳು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿ, ಲೋಟಗಳನ್ನಿಟ್ಟು ಮೂರು ಸಲ ವಿವರಿಸಿದ್ದಾಳೆ. ಪ್ರತಿಸಲವೂ ಅರ್ಥವಾದಂತೆ ತಲೆಯಾಡಿಸಿದ್ದೇನೆ. ಆದ್ದರಿಂದ ಇಂದು ನಾನು ಆಡಲಿರುವುದು ಆಟದ ತಜ್ಞನ ಮಾತಲ್ಲ, ಪುಸ್ತಕದ ಮನುಷ್ಯನ ಮಾತು.

ಪುಸ್ತಕದಿಂದಲೇ ಆರಂಭಿಸುತ್ತೇನೆ. ಮೊರಾಕ್ಕೋದ ಸಮಾಜಶಾಸ್ತ್ರಜ್ಞೆ ಫಾತಿಮಾ ಮೆರ್ನಿಸ್ಸಿ 1940ರಲ್ಲಿ ಫೆಜ್ ಎಂಬ ಪುರಾತನ ನಗರದಲ್ಲಿ ಹುಟ್ಟಿದವರು, 2015ರಲ್ಲಿ ತೀರಿಕೊಂಡರು. ತಮ್ಮ ಬಾಲ್ಯದ ಅಂತಃಪುರವನ್ನು ಕುರಿತು ಅವರು ಬರೆದ ‘ಡ್ರೀಮ್ಸ್ ಆಫ್ ಟ್ರೆಸ್‌ಪಾಸ್’ 1994ರಲ್ಲಿ ಪ್ರಕಟವಾಯಿತು. ಅಂತಃಪುರ ಎಂದೊಡನೆ ಅರಸರ ವಿಲಾಸದ ಚಿತ್ರ ಕಣ್ಣಿಗೆ ಕಟ್ಟಿದರೆ ಅದನ್ನು ಬದಿಗಿಡಬೇಕು. ಇದು ಅವಿಭಕ್ತ ಕುಟುಂಬದ ತೊಟ್ಟಿಮನೆ. ನಡುವೆ ಅಂಗಳ, ಸುತ್ತ ಕೋಣೆಗಳು, ಹೊರಕ್ಕೆ ಒಂದೇ ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ಅನುಮತಿಯಿಲ್ಲದೆ ಹೆಂಗಸರು ಆ ಬಾಗಿಲನ್ನು ದಾಟುವಂತಿಲ್ಲ. ಬಾಲಕಿಯ ತಾಯಿಗೆ ಒಂದು ಆಸೆ: ಬೆಳಗಿನ ಜಾವ, ಬೀದಿಯಲ್ಲಿ ಯಾರೂ ಇಲ್ಲದಿರುವಾಗ, ಒಮ್ಮೆ ನಡೆದುಬರಬೇಕು. ಬರಿಯ ಬೀದಿಯಲ್ಲಿ ಬರಿಯ ನಡಿಗೆ, ಅಷ್ಟೇ. ನಮ್ಮ ಹಳೆಯ ಕಾದಂಬರಿಗಳ ಮನೆಗಳನ್ನು ಬಲ್ಲವರಿಗೆ ಈ ಅಂಗಳ ಅಪರಿಚಿತವೆನಿಸದು.

ಬಾನುಲಿಯ ಮುಂದೆ ಕುಳಿತು ಮಾತನಾಡುತ್ತಿರುವ ನನಗೆ ಆ ಪುಸ್ತಕದ ಒಂದು ಸಂಗತಿ ವಿಶೇಷವಾಗಿ ಪ್ರಿಯ. ಆ ಮನೆಯಲ್ಲಿ ಒಂದು ದೊಡ್ಡ ರೇಡಿಯೋ ಇತ್ತು. ಅದರ ಪೆಟ್ಟಿಗೆಗೆ ಬೀಗ. ಕೀಲಿಕೈ ಗಂಡಸರ ವಶ. ಗಂಡಸರು ಹೊರಗೆ ಹೋದೊಡನೆ ಹೆಂಗಸರು ಕಳ್ಳ ಕೀಲಿಕೈಯಿಂದ ಪೆಟ್ಟಿಗೆ ತೆಗೆದು ಕೈರೋ ರೇಡಿಯೋದ ಹಾಡುಗಳಿಗೆ ಅಂಗಳದಲ್ಲಿ ಕುಣಿಯುತ್ತಿದ್ದರು. ಒಂದು ದಿನ ಮಕ್ಕಳು ಮುಗ್ಧವಾಗಿ ನಿಜ ಹೇಳಿಬಿಟ್ಟರು, ಗುಟ್ಟು ರಟ್ಟಾಯಿತು. ಬಾಗಿಲು ಮುಚ್ಚಿದ್ದರೂ ಗಾಳಿಯ ಮೇಲೆ ಬರುವ ದನಿಗೆ ಕಾವಲುಗಾರನ ಭಯವಿಲ್ಲವಲ್ಲ!

ಈ ಬಾಗಿಲಿನ ಕಟ್ಟಳೆಗೆ ಆ ನಾಡಿನಲ್ಲಿ ಒಂದು ಹೆಸರಿದೆ: ‘ಹುದೂದ್’, ಎಲ್ಲೆಗಳು. ಅದು ಬಹುವಚನ, ಏಕವಚನ ‘ಹದ್ದ್’. ಕನ್ನಡದ ಕೇಳುಗರಿಗೆ ಇದನ್ನು ಅನುವಾದಿಸಿ ಹೇಳಬೇಕಾಗಿಲ್ಲ. ಪಾರಸಿಯ ದಾರಿಯಾಗಿ, ಕಂದಾಯದ ಕಚೇರಿಗಳ ಮೂಲಕ ಅದೇ ಮಾತು ನಮ್ಮಲ್ಲಿಗೂ ಬಂದು ‘ಹದ್ದು’ ಎಂದಾಯಿತು. ಆಕಾಶದಲ್ಲಿ ಹಾರುವ ಹದ್ದು ಬೇರೆ, ಅದು ನಮ್ಮದೇ ಮಾತು. ನಾನು ಹೇಳುತ್ತಿರುವುದು ಸರಹದ್ದಿನ ಹದ್ದು, ಹದ್ದುಬಸ್ತಿನ ಹದ್ದು. ಹೊಲದ ಎಲ್ಲೆಯನ್ನು ಅಳೆಯಲು ಬಂದ ಮಾತನ್ನು ನಾವು ಮನುಷ್ಯರ ನಡತೆಗೂ ಹಚ್ಚಿದೆವು. ‘ಹದ್ದು ಮೀರಿದ’ ಎನ್ನುತ್ತೇವೆ. ಮೆರ್ನಿಸ್ಸಿಯವರ ಪುಸ್ತಕದ ಹೆಸರನ್ನು ಕನ್ನಡಕ್ಕೆ ತರುವುದಾದರೆ ‘ಹದ್ದು ಮೀರುವ ಕನಸುಗಳು’ ಎನ್ನುವುದಕ್ಕಿಂತ ಒಪ್ಪುವ ಮಾತು ನನಗೆ ತೋಚದು. ಹೆಣ್ಣನ್ನು ಹೊಗಳಬೇಕಾದಾಗ ನಮ್ಮ ಹಿರಿಯರು ಆಡುತ್ತಿದ್ದ ಮಾತು ಇನ್ನೊಂದಿದೆ: ‘ಹಾಕಿದ ಗೆರೆ ದಾಟುವವಳಲ್ಲ’. ಆ ಗೆರೆಯನ್ನು ಹಾಕಿದವರು ಯಾರು ಎಂದು ವ್ಯಾಕರಣವೂ ಹೇಳುವುದಿಲ್ಲ. ಕರ್ತೃವನ್ನು ಮರೆಸುವ ಪ್ರಯೋಗ ಅದು.

ಇಷ್ಟು ಹಿನ್ನೆಲೆಯಿಟ್ಟುಕೊಂಡು ಆಟದ ಬಯಲಿಗೆ ಬರೋಣ.

ಮೊರಾಕ್ಕೋದ ಮಹಿಳಾ ತಂಡವನ್ನು ‘ಅಟ್ಲಾಸಿನ ಸಿಂಹಿಣಿಯರು’ ಎಂದು ಕರೆಯುತ್ತಾರೆ. ಗಂಡಸರ ತಂಡ ‘ಅಟ್ಲಾಸಿನ ಸಿಂಹಗಳು’. ದೇಶದ ಬೆನ್ನೆಲುಬಿನಂತೆ ಹಬ್ಬಿರುವ ಆ ಪರ್ವತಶ್ರೇಣಿಯಲ್ಲಿ ಒಂದು ಕಾಲಕ್ಕೆ ನಿಜವಾದ ಸಿಂಹಗಳೇ ಇದ್ದವು. ಬೇಟೆಗಾರರು ಅವನ್ನು ಮುಗಿಸಿದರು. ಈಗ ಸಿಂಹಗಳಿರುವುದು ಅಂಗಿಗಳ ಮೇಲೆ. ಇರಲಿ. ಸಿಂಹಿಣಿಯರ ಆರಂಭ ಹೆಸರಿಗೆ ತಕ್ಕಂತಿರಲಿಲ್ಲ. 1998ರಲ್ಲಿ ಆಫ್ರಿಕ ಖಂಡದ ಪಂದ್ಯಾವಳಿಯಲ್ಲಿ ನೈಜೀರಿಯಾ ಇವರನ್ನು ಎಂಟು ಗೋಲುಗಳಿಂದ ಸೋಲಿಸಿತು. ಇವರದು ಒಂದೂ ಇಲ್ಲ. 2000ದಲ್ಲಿ ಇನ್ನೊಮ್ಮೆ ಹೋದರು, ಬಂದರು. ಅನಂತರ ಇಪ್ಪತ್ತೆರಡು ವರ್ಷಗಳ ಕಾಲ ಆ ಪಂದ್ಯಾವಳಿಯ ಅಂತಿಮ ಸುತ್ತಿನಲ್ಲಿ ಮೊರಾಕ್ಕೋದ ಹೆಸರೇ ಇಲ್ಲ.

ಈ ಇಪ್ಪತ್ತೆರಡು ವರ್ಷಗಳಲ್ಲಿ ದೇಶದಲ್ಲಿ ಆದದ್ದೇನು? 2004ರಲ್ಲಿ ಅಲ್ಲಿನ ಕುಟುಂಬ ಕಾನೂನು ಬದಲಾಯಿತು. ಹೆಣ್ಣಿನ ಮದುವೆಯ ವಯಸ್ಸು ಹದಿನೈದರಿಂದ ಹದಿನೆಂಟಕ್ಕೆ ಏರಿತು. ಹೆಂಡತಿ ಗಂಡನ ಆಜ್ಞೆಯಲ್ಲಿರತಕ್ಕದ್ದು ಎಂಬ ವಿಧಿ ಹೋಯಿತು. ನ್ಯಾಯಾಧೀಶರು ವಿನಾಯಿತಿ ಕೊಡುವ ಕಿಂಡಿಯೊಂದು ಉಳಿದು, ಅದರ ಮೂಲಕ ಬಾಲ್ಯವಿವಾಹಗಳು ನುಸುಳಿದವು ಎಂಬುದೂ ನಿಜ. ನವಾಲ್ ಎಲ್ ಮುತವಕ್ಕಿಲ್ ಕಾಸಾಬ್ಲಾಂಕಾದ ಬೀದಿಗಳಲ್ಲಿ ಹೆಂಗಸರಿಗಾಗಿಯೇ ವಾರ್ಷಿಕ ಓಟವೊಂದನ್ನು ಆರಂಭಿಸಿದ್ದರು, ಅದಕ್ಕೆ ಸಾವಿರಾರು ಮಂದಿ ಬರುತ್ತಿದ್ದರು. ಮುಂದೆ ಅವರು ದೇಶದ ಕ್ರೀಡಾಮಂತ್ರಿಯೂ ಆದರು. ಬೆಳಗಿನ ಜಾವದ ಬರಿಯ ಬೀದಿಯಲ್ಲಿ ನಡೆಯಬಯಸಿದ ಆ ತಾಯಿಯ ಆಸೆಯಿಂದ ಹಾಡುಹಗಲ ಬೀದಿಯಲ್ಲಿ ಸಾವಿರಾರು ಹೆಂಗಸರ ಓಟದವರೆಗೆ ಸುಮಾರು ಐವತ್ತು ವರ್ಷಗಳ ದಾರಿ.

ಫುಟ್‌ಬಾಲಿಗೆ ದುಡ್ಡು ಬಂದದ್ದು ಇನ್ನೂ ಈಚೆಗೆ. ರಾಜಧಾನಿ ರಬಾತಿಗೆ ಸಮೀಪದ ಸಲೆ ಪಟ್ಟಣದ ಹತ್ತಿರ 2019ರಲ್ಲಿ ಅರಸನ ಹೆಸರಿನ ದೊಡ್ಡ ತರಬೇತಿ ಕೇಂದ್ರ ತೆರೆಯಿತು. 2020ರಲ್ಲಿ ಮಹಿಳೆಯರ ಲೀಗ್ ಪಂದ್ಯಗಳನ್ನು ಎರಡು ದರ್ಜೆಗಳಲ್ಲಿ ವೃತ್ತಿಪರ ಮಾಡುವ ತೀರ್ಮಾನವಾಯಿತು, ಅಂದರೆ ಆಡುವವರಿಗೆ ಸಂಬಳ ಬಂತು. ಫ್ರಾನ್ಸಿನ ಲಿಯೋನ್ ಕ್ಲಬ್ಬಿನ ಮಹಿಳೆಯರನ್ನು ಎರಡು ಸಲ ಯುರೋಪಿನ ಚಾಂಪಿಯನ್ನರನ್ನಾಗಿ ಮಾಡಿದ್ದ ರೆನಾಲ್ಡ್ ಪೆದ್ರೋಸ್ ತರಬೇತುದಾರನಾಗಿ ಬಂದ. ಇವೆಲ್ಲ ಮೇಲಿನಿಂದ ಇಳಿದ ಕೃಪೆ, ಅರಮನೆಯ ಮತ್ತು ಸರಕಾರದ ಲೆಕ್ಕಾಚಾರ, ದೇಶದ ಹೆಸರನ್ನು ಹೊರಗೆ ಮೆರೆಸುವ ಹಂಚಿಕೆ ಎಂದು ಟೀಕಿಸುವವರಿದ್ದಾರೆ. ಟೀಕೆಯಲ್ಲಿ ಸತ್ಯಾಂಶವಿಲ್ಲ ಎನ್ನಲಾರೆ. ಆದರೆ ಬಾಗಿಲು ತೆರೆದವನ ಉದ್ದೇಶ ಏನೇ ಇರಲಿ, ಹೊರಗೆ ಬಂದವರ ಕಾಲು ಅವರದೇ.

ಆ ಕಾಲುಗಳಲ್ಲಿ ಮೊದಲು ಹೇಳಬೇಕಾದ್ದು ನಾಯಕಿ ಘಿಜ್ಲಾನ್ ಶೆಬ್ಬಾಕಳ ಕಾಲು. 1990ರಲ್ಲಿ ಕಾಸಾಬ್ಲಾಂಕಾದಲ್ಲಿ ಹುಟ್ಟಿದವಳು. ತಂದೆ ಲಾರ್ಬಿ ಶೆಬ್ಬಾಕ್ ಸಾಮಾನ್ಯನಲ್ಲ. 1976ರಲ್ಲಿ ಇಥಿಯೋಪಿಯಾದಲ್ಲಿ ಆಫ್ರಿಕದ ಕಪ್ಪನ್ನು ಮೊದಲ ಬಾರಿಗೆ ಮೊರಾಕ್ಕೋಗೆ ತಂದುಕೊಟ್ಟ ತಂಡದಲ್ಲಿದ್ದವನು. ಹೆಸರಾಂತ ಆಟಗಾರನ ಮನೆಯಲ್ಲಿ ಗಂಡುಮಗ ಚೆಂಡು ಒದ್ದರೆ ಅದು ವಂಶದ ಕೀರ್ತಿ. ಹೆಣ್ಣುಮಗಳು ಒದ್ದರೆ ಬೀದಿಯ ಮಾತು. ಈ ಮಗಳ ಬೆನ್ನಿಗೆ ತಂದೆ ನಿಂತ. ಸಂಗೀತಗಾರರ, ಶಿಲ್ಪಿಗಳ ಮನೆತನಗಳಲ್ಲಿ ವಿದ್ಯೆ ಮಗನಿಗೆ ಇಳಿಯುವುದನ್ನು ನಾವು ಕಂಡಿದ್ದೇವೆ. ತಂದೆಯ ಕಾಲಿನ ವಿದ್ಯೆ ಮಗಳ ಕಾಲಿಗೆ ಇಳಿದ ಉದಾಹರಣೆಗಳು ಎಷ್ಟು ಸಿಕ್ಕಾವು?

2022ರ ಜುಲೈ ತಿಂಗಳಲ್ಲಿ ಆಫ್ರಿಕದ ಮಹಿಳಾ ಪಂದ್ಯಾವಳಿ ಮೊರಾಕ್ಕೋದಲ್ಲಿಯೇ ನಡೆಯಿತು. ಬೋಟ್ಸ್‌ವಾನಾವನ್ನು ಸೋಲಿಸಿ ಉಪಾಂತ್ಯಕ್ಕೆ ಬಂದಾಗಲೇ ವಿಶ್ವಕಪ್ಪಿನಲ್ಲಿ ಸ್ಥಾನ ಖಚಿತವಾಗಿತ್ತು. ಉಪಾಂತ್ಯದಲ್ಲಿ ಎದುರಾದದ್ದು ಅದೇ ನೈಜೀರಿಯಾ, 1998ರಲ್ಲಿ ಎಂಟು ಗೋಲು ಹೊಡೆದಿದ್ದ ನೈಜೀರಿಯಾ. ಜುಲೈ 18ರ ರಾತ್ರಿ ರಬಾತಿನ ಕ್ರೀಡಾಂಗಣದಲ್ಲಿ ನಲವತ್ತೈದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆಫ್ರಿಕ ಖಂಡದಲ್ಲಿ ಅದುವರೆಗೆ ಹೆಂಗಸರ ಪಂದ್ಯವೊಂದಕ್ಕೆ ಅಷ್ಟು ಜನ ಬಂದದ್ದಿಲ್ಲ. ನೈಜೀರಿಯಾದ ಇಬ್ಬರು ಕೆಂಪು ಚೀಟಿ ಕಂಡು ಹೊರಗೆ ಹೋದರು. ಉಳಿದ ಒಂಬತ್ತು ಮಂದಿ ಆಡಿದ ಆಟವನ್ನು ಎದುರಾಳಿಗಳೂ ಮರೆಯಲಾರರು. ಒಂಬತ್ತೇ ಮಂದಿ ಇದ್ದರೂ ಪಂದ್ಯವನ್ನು ಒಂದೊಂದು ಗೋಲಿನ ಸಮದಲ್ಲಿ ಕಡೆಯವರೆಗೆ ಹಿಡಿದು ನಿಲ್ಲಿಸಿದರು. ಕೊನೆಗೆ ಪೆನಾಲ್ಟಿ ಒದೆತಗಳು. ರೋಸೆಲ್ಲಾ ಅಯಾನ್ ಎಂಬಾಕೆ ಕಡೆಯ ಒದೆತವನ್ನು ಗೋಲಿಗಿಟ್ಟಳು. ಐದಕ್ಕೆ ನಾಲ್ಕರಿಂದ ಗೆಲುವು.

ಐದು ದಿನಗಳ ಮೇಲೆ ನಡೆದ ಅಂತಿಮ ಪಂದ್ಯದಲ್ಲಿ ದಕ್ಷಿಣ ಆಫ್ರಿಕದ ಹಿಲ್ಡಾ ಮಗಾಯ ಎರಡು ಗೋಲು ಹೊಡೆದಳು. ಮೊರಾಕ್ಕೋದ ಪರವಾಗಿ ಅಯಾನ್ ಒಂದನ್ನು ತೀರಿಸಿದಳು. ಸೋಲು. ತುಂಬಿದ ತವರಿನ ಅಂಗಣದಲ್ಲಿ ಸೋಲು. ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಶೆಬ್ಬಾಕಳಿಗೆ ಬಂತು. ಸೋತ ನಾಯಕಿಯ ಕೈಯಲ್ಲಿ ಅಂಥ ಬಿರುದು ಹೇಗೆ ಭಾರವಾಗಿರುತ್ತದೆಂಬುದನ್ನು ನಾವು ಊಹಿಸಬಹುದು.

ಅಯಾನ್ ಎಂದೆನಲ್ಲ, ಆಕೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ತಂದೆ ಮೊರಾಕ್ಕೋದವನು, ತಾಯಿ ಸ್ಕಾಟ್ಲೆಂಡಿನವಳು. ನೆಸ್ರೀನ್ ಎಲ್ ಶಾದ್ ಹುಟ್ಟಿದ್ದು ಫ್ರಾನ್ಸಿನ ಸೇಂತ್ ಎತಿಯೆನ್ನಿನಲ್ಲಿ. ಯಾಸ್ಮಿನ್ ಮ್ರಾಬೆತ್ ಸ್ಪೇನಿನಲ್ಲಿ. ಹೊಟ್ಟೆಪಾಡಿಗಾಗಿ ಕಡಲು ದಾಟಿದವರ ಮಕ್ಕಳು, ಮೊಮ್ಮಕ್ಕಳು ಅಜ್ಜಿಯ ಊರಿಗಾಗಿ ಆಡಲು ಬಂದಿದ್ದಾರೆ. ಇವರು ನಮ್ಮವರೇ ಹೌದೋ ಅಲ್ಲವೋ ಎಂಬ ಚರ್ಚೆ ಅಲ್ಲಿ ಇಲ್ಲದಿಲ್ಲ. ಊರು ಬಿಟ್ಟವರು ಮರಳಿ ಬಂದಾಗ ಅವರ ಉಚ್ಚಾರಣೆ ಕೇಳಿ ನಗುವ ಚಾಳಿ ಎಲ್ಲ ಊರುಗಳಲ್ಲೂ ಇದೆ. ಆದರೆ ಗೋಲಿಗೆ ಉಚ್ಚಾರಣೆಯಿಲ್ಲ.

ಇನ್ನು ವಿಶ್ವಕಪ್ಪಿನ ಕಥೆ. ಅರಬ್ ದೇಶಗಳಿಂದ, ಉತ್ತರ ಆಫ್ರಿಕದಿಂದ ಅಲ್ಲಿಗೆ ಹೋದ ಮೊದಲ ಮಹಿಳಾ ತಂಡ ಇದು. ಜಗತ್ತಿನ ತಂಡಗಳ ಶ್ರೇಯಾಂಕದಲ್ಲಿ ಇವರದು 72ನೆಯ ಸ್ಥಾನ. ಮೊದಲ ಎದುರಾಳಿ ಜರ್ಮನಿಯದು ಎರಡನೆಯದು. 2023ರ ಜುಲೈ 24ರಂದು ಮೆಲ್ಬರ್ನಿನಲ್ಲಿ ಆರು ಗೋಲುಗಳ ಸೋಲು. ಪತ್ರಿಕೆಗಳು ಅನುಕಂಪದ ನಾಲ್ಕು ಸಾಲು ಬರೆದು ಮುಂದಿನ ಪುಟಕ್ಕೆ ಹೋದವು. ಆರು ದಿನಗಳ ಮೇಲೆ ನನ್ನ ಮೊಮ್ಮಗಳು ನನ್ನನ್ನು ಕೂಗಿ ಕರೆದ ಆ ಭಾನುವಾರ ಬಂತು.

ಆ ದಿನ ಇನ್ನೊಂದು ಸಂಗತಿ ನಡೆಯಿತು. ಹಿಂದಾಳಾಗಿ ಆಡಿದ ನುಹೈಲಾ ಬೆಂಜೀನಾ ತಲೆಗೆ ವಸ್ತ್ರ ಕಟ್ಟಿಕೊಂಡು ಆಡಿದಳು. ಹಿರಿಯ ಮಹಿಳೆಯರ ವಿಶ್ವಕಪ್ಪಿನಲ್ಲಿ ಹಾಗೆ ಆಡಿದವರಲ್ಲಿ ಆಕೆ ಮೊದಲಿಗಳು. ಈ ವಸ್ತ್ರಕ್ಕೊಂದು ಇತಿಹಾಸವಿದೆ. 2007ರಲ್ಲಿ ಕೆನಡಾದಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ಇದೇ ಕಾರಣಕ್ಕೆ ಆಟದಿಂದ ಹೊರಗೆ ಕಳಿಸಿದರು. ಆಟದ ನಿಯಮ ಮಾಡುವವರು ಅದನ್ನು ಎತ್ತಿಹಿಡಿದರು. 2011ರಲ್ಲಿ ಇರಾನಿನ ತಂಡ ಒಲಿಂಪಿಕ್ಸಿನ ಅರ್ಹತಾ ಪಂದ್ಯ ಆಡಲು ಜೋರ್ಡಾನಿಗೆ ಬಂದು ಬಯಲಿನ ಅಂಚಿನಲ್ಲಿ ನಿಂತಿದ್ದಾಗ, ತಲೆವಸ್ತ್ರ ಧರಿಸಿದವರು ಆಡುವಂತಿಲ್ಲ ಎಂದಾಯಿತು; ಆ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಕುತ್ತಿಗೆಗೆ ಅಪಾಯವಾದೀತು ಎಂಬುದೂ ಕೊಟ್ಟ ಕಾರಣಗಳಲ್ಲೊಂದು. ಎರಡು ವರ್ಷ ಪರೀಕ್ಷೆ ಮಾಡಿ ನೋಡಿದ ಮೇಲೆ 2014ರಲ್ಲಿ ಫಿಫಾ ನಿಷೇಧವನ್ನು ತೆಗೆಯಿತು. ಆದರೆ ಫ್ರಾನ್ಸಿನ ಫುಟ್‌ಬಾಲ್ ಒಕ್ಕೂಟ ತನ್ನ ಪಂದ್ಯಗಳಲ್ಲಿ ಈ ವಸ್ತ್ರಕ್ಕೆ ಅವಕಾಶ ಕೊಡಲಿಲ್ಲ. ಆ ನಿಷೇಧ ಸರಿಯೆಂದು ಅಲ್ಲಿನ ಉಚ್ಚ ಆಡಳಿತ ನ್ಯಾಯಾಲಯ ತೀರ್ಪು ಕೊಟ್ಟದ್ದು 2023ರ ಜೂನ್ ಕೊನೆಯಲ್ಲಿ, ಬೆಂಜೀನಾ ಬಯಲಿಗಿಳಿಯುವುದಕ್ಕೆ ಒಂದು ತಿಂಗಳು ಮೊದಲು.

ಆ ಮೊರಾಕ್ಕೋ ತಂಡದಲ್ಲಿ ನಾನು ಗಮನಿಸಿದ್ದು ಇದು. ತಲೆಗೆ ವಸ್ತ್ರ ಕಟ್ಟಿದ ಬೆಂಜೀನಾಳ ಪಕ್ಕದಲ್ಲಿಯೇ ಕಟ್ಟದ ಶೆಬ್ಬಾಕ್, ಕಟ್ಟದ ಜ್ರಾಯ್ದಿ. ಗೋಲು ಬಿದ್ದಾಗ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಆ ರಾಶಿಯಲ್ಲಿ ಯಾರ ತಲೆ ಯಾವುದೆಂದು ತಿಳಿಯುವಂತಿರಲಿಲ್ಲ. ತೆಗೆ ಎನ್ನುವವರದೂ ಹದ್ದು, ಹಾಕು ಎನ್ನುವವರದೂ ಹದ್ದು. ಇರಾನಿನ ಹುಡುಗಿಯರು ಎರಡರ ನಡುವೆ ಸಿಕ್ಕಿಬಿದ್ದಿದ್ದರು: ವಸ್ತ್ರವಿಲ್ಲದೆ ಆಡಲು ಅವರ ಸರಕಾರ ಬಿಡದು, ವಸ್ತ್ರದೊಡನೆ ಆಡಲು ಆಟದ ಸರಕಾರ ಬಿಡದು. ಈ ಮಾತು ಕೇಳುವಾಗ ನಿಮಗೆ ನಮ್ಮದೇ ನಾಡಿನ ಕಾಲೇಜುಗಳ ಬಾಗಿಲು, 2022ರ ಆರಂಭದ ಆ ದಿನಗಳು ನೆನಪಾದರೆ ಆಶ್ಚರ್ಯವಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಅಂಥ ಬಾಗಿಲುಗಳನ್ನು ದಿನವೂ ದಾಟಿ ಪಾಠಕ್ಕೆ ಹೋದ ನನಗೂ ನೆನಪಾಯಿತು. ನನ್ನ ತರಗತಿಯಲ್ಲಿ ಕುಳಿತ ಹುಡುಗಿಯರ ತಲೆಯ ಮೇಲೇನಿತ್ತು ಎಂಬುದು ನನಗೆ ಇಂದು ನೆನಪಿಲ್ಲ. ಯಾರು ಹಳಗನ್ನಡ ಚೆನ್ನಾಗಿ ಓದುತ್ತಿದ್ದರು ಎಂಬುದು ನೆನಪಿದೆ.

ಆಗಸ್ಟ್ 3ರಂದು ಪರ್ತ್ ನಗರದಲ್ಲಿ ಕೊಲಂಬಿಯಾದ ಎದುರು ಮೂರನೆಯ ಪಂದ್ಯ. ಮೊದಲರ್ಧದ ಕೊನೆಯಲ್ಲಿ ಪೆನಾಲ್ಟಿ ಸಿಕ್ಕಿತು. ಶೆಬ್ಬಾಕ್ ಒದ್ದಳು, ಗೋಲ್‌ಕೀಪರ್ ತಡೆದಳು, ಮರಳಿ ಬಂದ ಚೆಂಡನ್ನು ಅನಿಸ್ಸಾ ಲಹ್ಮಾರಿ ಒಳಕ್ಕೆ ಒದ್ದಳು. ಒಂದು ಗೋಲಿನ ಗೆಲುವು. ಆದರೆ ಅಷ್ಟೇ ಸಾಲದು. ಸಾವಿರಾರು ಕಿಲೋಮೀಟರ್ ದೂರದ ಬ್ರಿಸ್ಬೇನಿನಲ್ಲಿ ಜರ್ಮನಿ ಕೊರಿಯಾವನ್ನು ಸೋಲಿಸಿಬಿಟ್ಟರೆ ಇವರು ಮನೆಗೆ ಹೋಗಬೇಕು. ಅಲ್ಲಿ ಒಂದೊಂದು ಗೋಲು ಸಮ; ಆಟ ಇನ್ನೂ ಮುಗಿದಿಲ್ಲ.

ಆಗ ಕಂಡ ದೃಶ್ಯಕ್ಕಾಗಿಯೇ ನಾನು ಈ ಭಾಷಣ ಮಾಡಲು ಒಪ್ಪಿಕೊಂಡೆನೋ ಏನೋ. ಇಡೀ ತಂಡ ಬಯಲಿನ ನಡುವೆ ಒತ್ತಾಗಿ ವೃತ್ತ ಕಟ್ಟಿ ನಿಂತಿತು. ನಡುವೆ ಒಂದು ಮೊಬೈಲ್ ಫೋನು. ಎಲ್ಲರ ತಲೆಗಳು ಅದರ ಮೇಲೆ ಬಾಗಿದ್ದವು. ತಾವು ಆಡುವುದು ಮುಗಿದಿದೆ, ಇನ್ನು ಮಾಡಬಹುದಾದದ್ದು ಏನೂ ಇಲ್ಲ, ಕಾಯಬೇಕು. ಶಾಲೆಯಿಂದ ಬಂದ ಮೊಮ್ಮಗಳೊಡನೆ ಅದನ್ನು ಮತ್ತೆ ಮತ್ತೆ ನೋಡಿದಾಗ ನನಗೆ ಕಂಡದ್ದು ಫೆಜ್ ನಗರದ ಆ ಅಂಗಳ, ಕಳ್ಳ ಕೀಲಿಕೈಯಿಂದ ತೆರೆದ ರೇಡಿಯೋದ ಸುತ್ತ ಕಿವಿಯಾಗಿ ನಿಂತ ಹೆಂಗಸರು. ಈಗ ಬೀಗವಿರಲಿಲ್ಲ, ಮೇಲೆ ಆಕಾಶವಿತ್ತು. ಬ್ರಿಸ್ಬೇನಿನಲ್ಲಿ ಆಟ ಮುಗಿದ ಸುದ್ದಿ ಬಂದೊಡನೆ ಆ ವೃತ್ತ ಸಿಡಿಯಿತು. ಕೆಲವರು ಓಡಿದರು, ಕೆಲವರು ಹುಲ್ಲಿಗೆ ಹಣೆ ಹಚ್ಚಿದರು, ಅಳದವರಿಲ್ಲ. ಜರ್ಮನಿ ಹೊರಗೆ, 72ನೆಯ ಸ್ಥಾನದ ಮೊರಾಕ್ಕೋ ಒಳಗೆ. ಆ ವರ್ಷ ಮೊದಲ ಬಾರಿಗೆ ವಿಶ್ವಕಪ್ಪಿಗೆ ಬಂದ ಎಂಟು ತಂಡಗಳಲ್ಲಿ ಮುಂದಿನ ಸುತ್ತಿಗೆ ಹೋದದ್ದು ಇದೊಂದೇ.

ಮುಂದಿನ ಪಂದ್ಯದಲ್ಲಿ ಎದುರಾದದ್ದು ಫ್ರಾನ್ಸ್. 1912ರಿಂದ 1956ರವರೆಗೆ ಆ ನಾಡನ್ನು ಆಳಿದವರು. ನಾಲ್ಕು ಗೋಲುಗಳಿಂದ ಸೋಲಿಸಿ ಮನೆಗೆ ಕಳಿಸಿದರು. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಆಮೇಲೆ ಪೆದ್ರೋಸ್ ಹೋಗಿ, ಸ್ಪೇನಿಗೆ ಆ ವಿಶ್ವಕಪ್ಪನ್ನು ಗೆದ್ದುಕೊಟ್ಟ ಹೋರ್ಹೆ ವಿಲ್ಡಾ ತರಬೇತುದಾರನಾಗಿ ಬಂದ. 2025ರ ಜುಲೈನಲ್ಲಿ ಆಫ್ರಿಕದ ಪಂದ್ಯಾವಳಿ ಮತ್ತೆ ಮೊರಾಕ್ಕೋದಲ್ಲಿ ನಡೆಯಿತು. ಅದರ ಕಡೆಯ ರಾತ್ರಿಯ ಮಾತಿಗೆ ಬರುವ ಮೊದಲು, ನಮ್ಮ ಕರಾವಳಿಯ ವಿಷಯ ಒಂದನ್ನು ಹೇಳಬೇಕಾಗಿದೆ. ಏಕೆಂದರೆ ಮೊರಾಕ್ಕೋಗೂ ನಮಗೂ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಹಳೆಯ ಪರಿಚಯವಿದೆ.

ಟಾಂಜೀರ್ ಎಂಬ ಮೊರಾಕ್ಕೋದ ಬಂದರಿನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ ಜಗತ್ತನ್ನು ಸುತ್ತಿದವನು. 1342ರ ಸುಮಾರಿಗೆ ಆತ ನಮ್ಮ ಹೊನ್ನಾವರಕ್ಕೆ ಬಂದ. ಅಲ್ಲಿನ ಹೆಂಗಸರ ಮೂಗಿನ ಚಿನ್ನದ ಮೂಗುತಿಯನ್ನು ಕಂಡು ಬರೆದ. ಅದಕ್ಕಿಂತ ಮುಖ್ಯವಾಗಿ, ಅವರೆ���್ಲರಿಗೂ ಕುರಾನ್ ಬಾಯಿಪಾಠವಿತ್ತೆಂದೂ, ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳೂ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಇದ್ದುವೆಂದೂ, ಇಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಬರೆದಿಟ್ಟ. ಅರ್ಧ ಜಗತ್ತು ನೋಡಿದವನ ಬೆರಗು ಅದು! ಆ ಹದಿಮೂರು ಶಾಲೆಗಳು ಮುಂದೆ ಏನಾದವು, ಯಾವ ಗೆರೆ ಯಾವಾಗ ಬಿದ್ದು ಅವು ಮುಚ್ಚಿದವು ಎಂದು ನಾನು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ. ಮೊರಾಕ್ಕೋದವನೊಬ್ಬ ನಮ್ಮ ಹೆಣ್ಣುಮಕ್ಕಳನ್ನು ನೋಡಿ ಬೆರಗಾದ ಕಾಲವೂ ಒಂದಿತ್ತು. ಮೊರಾಕ್ಕೋದ ಹೆಣ್ಣುಮಕ್ಕಳನ್ನು ನೋಡಿ ನಾವು ಬೆರಗಾಗುವ ಕಾಲ ಈಗ ಬಂದಿದೆ. ಸಾಲ ತೀರಿತು ಎನ್ನೋಣವೆ?

2025ರ ಜುಲೈ 26ರ ರಾತ್ರಿ ರಬಾತಿನಲ್ಲಿ ಅಂತಿಮ ಪಂದ್ಯ. ನಮ್ಮಲ್ಲಿ ಆಗ ಮಧ್ಯರಾತ್ರಿ ಕಳೆದಿತ್ತು. ಒಂಬತ್ತನೆಯ ತರಗತಿಗೆ ಬಂದಿದ್ದ ಮೊಮ್ಮಗಳು ಎದ್ದಿರುತ್ತೇನೆಂದು ಶಪಥ ಮಾಡಿ ಹನ್ನೊಂದಕ್ಕೇ ಸೋಫಾದ ಮೇಲೆ ನಿದ್ದೆಹೋದಳು. ನಾನು ಧ್ವನಿ ತಗ್ಗಿಸಿಕೊಂಡು ಒಬ್ಬನೇ ಕುಳಿತೆ. ಎದುರಾಳಿ ಮತ್ತೆ ನೈಜೀರಿಯಾ. ಮೂವತ್ತೈದು ಸಮೀಪಿಸುತ್ತಿದ್ದ ಶೆಬ್ಬಾಕ್ ಹನ್ನೆರಡನೆಯ ನಿಮಿಷದಲ್ಲಿ ದೂರದಿಂದಲೇ ಗೋಲು ಹೊಡೆದಳು. ಇಪ್ಪತ್ತನಾಲ್ಕನೆಯ ನಿಮಿಷದಲ್ಲಿ ಸನಾ ಮಸ್ಸೂದಿ ಇನ್ನೊಂದು. ಎರಡಕ್ಕೆ ಸೊನ್ನೆ. ತಂದೆ ಖಂಡದ ಕಪ್ಪನ್ನು ಗೆದ್ದ ಸುಮಾರು ಐವತ್ತು ವರ್ಷಗಳ ಮೇಲೆ ಮಗಳೂ ಗೆಲ್ಲುತ್ತಾಳೆ ಎಂದು ನಾನು ಆ ಕತ್ತಲಲ್ಲಿ ಭಾಷಣದ ಕೊನೆಯ ವಾಕ್ಯವನ್ನೂ ಮನಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದೆ. ಆಟ ಬರಹಗಾರರ ವಾಕ್ಯಕ್ಕೆ ಕಾಯುವುದಿಲ್ಲ. ಉತ್ತರಾರ್ಧದಲ್ಲಿ ನೈಜೀರಿಯಾ ಒಂದು ಪೆನಾಲ್ಟಿಯಿಂದ ಆರಂಭಿಸಿ ಎರಡನ್ನೂ ತೀರಿಸಿತು. ಎಂಬತ್ತೆಂಟನೆಯ ನಿಮಿಷದಲ್ಲಿ ಮೂರನೆಯ ಗೋಲು. ತವರಿನಲ್ಲಿ, ಅಂತಿಮ ಪಂದ್ಯದಲ್ಲಿ, ಎರಡನೆಯ ಸಲ ಸೋಲು. ನಾನು ಟೀವಿ ಆರಿಸಿದೆ. ನಿದ್ದೆ ಬರಲಿಲ್ಲ. 1984ರ ಆ ಬಾಡಿಗೆ ಕೋಣೆ, ಆ ಟ್ರಾನ್ಸಿಸ್ಟರು ನೆನಪಾದವು.

ಬೆಳಗ್ಗೆ ಮೊಮ್ಮಗಳು ಕಣ್ಣುಜ್ಜಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನನ್ನ ಮುಖ ನೋಡಿ ಅರ್ಧ ತಿಳಿದುಕೊಂಡಿದ್ದಳೆಂದು ತೋರುತ್ತದೆ.

“ಅಜ್ಜ, ಯಾರು ಗೆದ್ದರು?”

ನೈಜೀರಿಯಾ ಎಂದೆ. ಮೂರು ಗೋಲು ಹೊಡೆದವರ ಹೆಸರುಗಳನ್ನು ರಾತ್ರಿಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದೆ: ಎಸ್ತರ್ ಒಕೊರೊಂಕ್ವೊ, ಫೊಲಾಶಾದೆ ಇಜಾಮಿಲುಸಿ, ಜೆನಿಫರ್ ಎಚೆಗಿನಿ.